ನಾಯಿ ಕಟ್ರೋ, ಅಕ್ಕ ಬಂದ್ಲು

ನನ್ನ ಸೋದರಮಾವನ ಬಲಗೈ ಜೀಪಿನ ಸ್ಟಿಯರಿಂಗಿನ ಮೇಲಿದ್ದರೆ ಎಡಗೈ ಕುತ್ತಿಗೆಯ ಮೇಲೆ. ಎರಡು ಬೆರಳು ಕಿವಿಯ ಕೆಳಗಿನಿಂದ ಒತ್ತುತ್ತಾ ಹೆಗಲಿನವರೆಗೆ ಇಳಿಯುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಚಾರ್ಮಾಡಿ ಘಾಟಿಯ ತಿರುವಿನಲ್ಲೂ ಅಷ್ಟೇ. ಗೇರ್ ಬದಲಿಸುವಾಗ ಮಾತ್ರ ಆ ಕೈ ಒಲ್ಲದ ಮನಸ್ಸಿನಿಂದ ಕೆಳಗೆ ಬರುತ್ತಿತ್ತು. "ಮಾವ, ರಸ್ತೆ ನೋಡಿ!" ಎಂದು ನಾನು ಕಿರುಚಿದರೆ, "ರಸ್ತೆ ಎಲ್ಲಿಗೂ ಹೋಗಲ್ಲ ಮಾರಾಯ್ತಿ. ಗಂಟು ಹಾಗಲ್ಲ, ಹೇಳದೆ ಕೇಳದೆ ಬರುತ್ತೆ" ಎನ್ನುತ್ತಿದ್ದರು.

ಕೊಟ್ಟಿಗೆಹಾರದಲ್ಲಿ ಅವರ ಮನೆ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಊಟಕ್ಕೆ ಕೂತರೂ ಮೊಣಕಾಲು ಕುಣಿಯುತ್ತಿತ್ತು. ತೊಂಬತ್ತರ ದಶಕದ ನಡುವೆ ಅವರ ಎರಡೂ ಕಿಡ್ನಿ ಕೈಕೊಟ್ಟಾಗ ಅವರ ಅಕ್ಕ, ಎಂದರೆ ನನ್ನ ಅಮ್ಮ, ತನ್ನದೊಂದನ್ನು ಕೊಟ್ಟಳು. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅಮ್ಮನನ್ನು ಯಾರೂ ಬಲವಂತ ಮಾಡಿರಲಿಲ್ಲ. ನನಗೆ ಮಾತ್ರ ಮಾವನ ಮೇಲೆ ಉರಿಯುತ್ತಿತ್ತು. ನನಗಿದ್ದದ್ದು ಒಬ್ಬಳೇ ಅಮ್ಮ! ಮನೆಗೆ ಕಳಿಸುವಾಗ ಡಾಕ್ಟರು, ಕುತ್ತಿಗೆಯಲ್ಲಿ ಗಂಟು ಗಿಂಟು ಕಂಡರೆ ತಕ್ಷಣ ಬನ್ನಿ ಎಂದಿದ್ದರಂತೆ. ಬೆರಳು ಅಲ್ಲಿಗೆ ಹೋಗಿದ್ದು ಅವತ್ತೇ.

ಗುಂಪಿನಲ್ಲಿ ಇರಬೇಡಿ, ಸೋಂಕು ತಗಲುತ್ತದೆ ಎಂದೂ ಹೇಳಿದ್ದರು. ಜನರನ್ನು ತುಂಬಿಕೊಂಡು ಹೊರನಾಡಿಗೆ ಹೋಗುವ ಬಾಡಿಗೆ ಬಿಟ್ಟು ಮಾವ ಕಾಫಿ ಮೂಟೆ ಸಾಗಿಸತೊಡಗಿದರು. "ಮೂಟೆ ಸೀನಲ್ಲ, ಕೆಮ್ಮಲ್ಲ, ಇನ್ನೂ ಎಷ್ಟು ದೂರ ಅಂತ ಕೇಳಲ್ಲ" ಎಂದು ನಗುತ್ತಿದ್ದರು.

ಈಗ ನಾಯಿಯ ವಿಷಯ. ಅಮ್ಮನಿಗೆ ನಾಯಿ ಕಂಡರೆ ಪ್ರಾಣಭಯ. ಮಾವನ ಮನೆಯಲ್ಲೋ ಕರುವಿನಷ್ಟು ದೊಡ್ಡ ಕರಿನಾಯಿ. ನಾವು ಗೇಟಿನ ಹತ್ತಿರ ಕಂಡರೆ ಸಾಕು, ಒಳಗಿನಿಂದ ಮಾವನ ಕೂಗು: "ನಾಯಿ ಕಟ್ರೋ, ಅಕ್ಕ ಬಂದ್ಲು!" ಸರಪಳಿಯ ಸದ್ದು ಕಿವಿಗೆ ಬಿದ್ದ ಮೇಲೆಯೇ ಅಮ್ಮ ಗೇಟು ತೆಗೆಯುತ್ತಿದ್ದಳು.

ದಿನಾ ಅಷ್ಟೊಂದು ಮಾತ್ರೆ ಯಾಕೆ ಎಂದು ಒಮ್ಮೆ ಕೇಳಿದೆ.

"ಮೈಯೊಳಗೂ ಒಂದು ನಾಯಿ ಇರುತ್ತೆ" ಎಂದರು ಮಾವ. "ಹೊರಗಿನೋರನ್ನ ಕಂಡ್ರೆ ಕಚ್ಚುತ್ತೆ. ಈಗ ಒಳಗೆ ಅಕ್ಕ ಬಂದು ಕೂತಿದಾಳಲ್ಲ, ಅದಕ್ಕೆ ಮಾತ್ರೆ ನುಂಗಿ ನಾಯಿ ಕಟ್ಟಿ ಹಾಕಿದೀನಿ."

"ಕಳ್ಳ ಬಂದ್ರೆ?"

ಬೆರಳು ಕುತ್ತಿಗೆಗೆ ಹೋಯಿತು. "ಅದೇ ಅಲ್ವಾ ಯೋಚನೆ."

ಕಳ್ಳ ಬಂದ. ಅದೂ ಹೊರಗಿನಿಂದಲ್ಲ. ಚಿಕ್ಕಂದಿನಲ್ಲೇ ಬಹಳ ಜನರ ಮೈ ಹೊಕ್ಕು ಸುಮ್ಮನೆ ಮಲಗಿರುವ ಒಂದು ವೈರಸ್ಸು, ಕಾವಲಿಲ್ಲದ್ದು ನೋಡಿ ಎದ್ದಿದೆ ಎಂದರು ಡಾಕ್ಟರು. ಕುತ್ತಿಗೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಪರೀಕ್ಷೆಯಲ್ಲಿ ಅದು ಕ್ಯಾನ್ಸರಿನ ಜಾತಿಯದೇ ಎಂದು ಬಂತು. ಮಾತ್ರೆ ಕಡಿಮೆ ಮಾಡಿದರೆ ಮೈಯೇ ಅದನ್ನು ಕರಗಿಸಬಹುದು. ಆದರೆ ಅಮ್ಮ ಕೊಟ್ಟ ಕಿಡ್ನಿ ಹೋದರೂ ಹೋಗಬಹುದು. ಅತ್ತ ದರಿ, ಇತ್ತ ಪುಲಿ.

ಮಾವ ಡಾಕ್ಟರ ಎದುರು ತಲೆಯಾಡಿಸಿ ಬಂದು, ಮನೆಯಲ್ಲಿ ಮೊದಲಿನಷ್ಟೇ ಮಾತ್ರೆ ನುಂಗುತ್ತಿದ್ದರು. ಅತ್ತೆ ಗದರಿದರೆ, "ಅಕ್ಕನ್ನ ಮನೆಗೆ ಕರ್ಕೊಂಡು ಬಂದು ನಾಯಿ ಛೂ ಬಿಡ್ಲಾ?" ಎಂದು ಎದ್ದು ಹೋಗುತ್ತಿದ್ದರು. ಗಂಟು ಬೆಳೆಯುತ್ತಿತ್ತು. ತಡೆಯಲಾರದೆ ಅತ್ತೆ ಕಳಸದ ನಮ್ಮ ಮನೆಗೆ ಫೋನ್ ಮಾಡಿ ಅತ್ತರು.

ಅಮ್ಮ ಮುಂದಿನ ಬಸ್ಸಿಗೇ ಹೊರಟಳು. ನಾನೂ ಹೋದೆ. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನನಗೋ ಇಳಿದು ಬಸ್ಸನ್ನು ತಳ್ಳಬೇಕೆನ್ನುವಷ್ಟು ಅವಸರ. ಗೇಟು ಮುಟ್ಟುವ ಮೊದಲೇ ಕೂಗು ಬಂತು: "ನಾಯಿ ಕಟ್ರೋ, ಅಕ್ಕ ಬಂದ್ಲು!"

"ಕಟ್ಬೇಡ್ರೋ!" ಎಂದಳು ಅಮ್ಮ.

ಗೇಟು ತೆಗೆದಳು. ನಾಯಿ ಬೊಗಳುತ್ತಾ ಓಡಿಬಂತು. ಅಮ್ಮನ ಮುಖ ಬಿಳಿಚಿಕೊಂಡಿತು, ತುಟಿ ನಡುಗುತ್ತಿತ್ತು, ಆದರೆ ಕಾಲು ನಿಲ್ಲಲಿಲ್ಲ. ಅದು ಸೀರೆ ಮೂಸುತ್ತಾ ಸುತ್ತು ಹಾಕುತ್ತಿದ್ದರೂ ಅಂಗಳ ದಾಟಿ, ಜಗಲಿ ಹತ್ತಿ, ತಮ್ಮನ ಎದುರು ನಿಂತಳು.

"ಎಂತದೋ ನಿಂದು? ತಮ್ಮ ಉಳೀಲಿ ಅಂತ ಕಿಡ್ನಿ ಕೊಟ್ಟೆ. ಕಿಡ್ನಿ ಉಳೀಲಿ ಅಂತ ತಮ್ಮನ್ನ ಕೊಡೋಕಾಗಲ್ಲ. ಡಾಕ್ಟ್ರು ಹೇಳಿದಷ್ಟು ನಾಯಿ ಬಿಚ್ಚು. ಕಚ್ಚಿದ್ರೆ ಕಚ್ಲಿ, ನಾನು ನೋಡ್ಕೋತೀನಿ."

ಮಾವ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. "ಆಯ್ತಕ್ಕ, ಮೊದ್ಲು ಕೂತ್ಕೋ, ನಡುಗ್ತಾ ಇದೀಯ" ಎಂದರು. ನನ್ನ ಉರಿಯೆಲ್ಲ ಅಲ್ಲೇ ಇಳಿದುಹೋಯಿತು.

ಮಾತ್ರೆ ಇಳಿಸಿದರು. ವಾರ ವಾರವೂ ರಕ್ತಪರೀಕ್ಷೆ, ವಾರ ವಾರವೂ ಎದೆಬಡಿತ. ಗಂಟು ಕರಗಿತು. ಒಳಗಿನ ನಾಯಿ ಆಗಾಗ ಗುರುಗುಟ್ಟಿದರೂ ಅಕ್ಕನನ್ನು ಕಚ್ಚಲಿಲ್ಲ. ಆಮೇಲೂ ಹಲವು ವರ್ಷ ಮಾವ ಜೀಪು ಓಡಿಸಿದರು, ಅದೇ ಘಾಟಿಯಲ್ಲಿ ಬೈದು ಬೈದು ನನಗೂ ಓಡಿಸಲು ಕಲಿಸಿದರು. ಬೆರಳು ಮಾತ್ರ ಕುತ್ತಿಗೆ ಬಿಡಲಿಲ್ಲ.

ಕೊನೆಗೆ ಗಂಟು ಮತ್ತೆ ಬಂದದ್ದು ಹೊಟ್ಟೆಯೊಳಗೆ, ಆ ಬೆರಳಿಗೆ ಸಿಗದ ಜಾಗದಲ್ಲಿ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಥೂ, ಅಷ್ಟು ಕಾವಲು ಕಾದ ಮನುಷ್ಯನಿಗೆ ಇದು ನ್ಯಾಯವೇ? ಅಮ್ಮನ ಕಿಡ್ನಿ ಕೊನೆಯವರೆಗೂ ಕೆಲಸ ಮಾಡುತ್ತಲೇ ಇತ್ತಂತೆ.

ಸುದ್ದಿ ಬಂದ ಬೆಳಿಗ್ಗೆ ಅಮ್ಮನನ್ನು ಕಳಸದಿಂದ ಜೀಪಿನಲ್ಲಿ ಕರೆದೊಯ್ದವಳು ನಾನೇ. ಅಂಗಳದ ತುಂಬ ಜನ. ಆ ಹಳೆಯ ನಾಯಿ ಹೋಗಿ ಅದರ ಮರಿ ದೊಡ್ಡದಾಗಿತ್ತು. ಅದನ್ನು ಯಾರೋ ಆಗಲೇ ಕಟ್ಟಿ ಹಾಕಿದ್ದರು. ಆದರೂ ಅಮ್ಮ ಗೇಟು ಹಿಡಿದು ನಿಂತೇ ಇದ್ದಳು.

"ಬಾಮ್ಮ, ನಾಯಿ ಕಟ್ಟಿದಾರೆ" ಎಂದೆ.

"ತಡಿಯೇ" ಎಂದಳು ಅಮ್ಮ. "ಅವನು ಕೂಗ್ಲಿ."