ಅತ್ತೆಯ ಬಾಟಲಿಯ ಗುರುತು

ನಮ್ಮ ಅತ್ತೆಗೆ ಮೂರು ಔಷಧಿ. ಎದೆಬೇನೆಗೆ ಕೊಪ್ಪಳದ ದವಾಖಾನೆಯ ಕೆಂಪು ನೀರು, ಮಂಡಿನೋವಿಗೆ ಹಕೀಮರ ಗುಳಿಗೆ, ಹೊಟ್ಟೆಗೊಂದು ಪುಡಿ. ನಿಜಾಮರ ಕಾಲ, ಚೀಟಿಗಳೆಲ್ಲ ಉರ್ದುವಿನಲ್ಲಿ. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯಲ್ಲಿ ಅವರಿಗೂ ಓದು ಬಾರದು, ನನಗೂ ಬಾರದು. ಅದಕ್ಕೇನಂತೆ, ಬುದ್ಧಿಯಿತ್ತಲ್ಲ! ಪುಡಿಯನ್ನು ಅವರ ಎಲೆ ಅಡಿಕೆಯ ಸಂಚಿಯಲ್ಲಿಟ್ಟೆ; ಉಂಡ ಮೇಲೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಗುಳಿಗೆ ದೀಪದ ಗೂಡಿನಲ್ಲಿ, ಸಂಜೆಗೆ. ಕೆಂಪು ಬಾಟಲಿ ಮಜ್ಜಿಗೆ ಕಡೆಯುವ ಕಂಬದ ಹತ್ತಿರ, ಮುಂಜಾನೆಗೆ. ಅದಕ್ಕೆ ಕಂಪೌಂಡರರು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿದ್ದರು. ದಿನಕ್ಕೆ ಒಂದು ಹಲ್ಲು ಇಳಿಯಬೇಕು. ಸಂಜೆ ನಾನು ಬಾಟಲಿ ಎತ್ತಿ ನೋಡುತ್ತಿದ್ದೆ. ಇಳಿಯದಿದ್ದರೆ ನನ್ನ ಬಾಯಿ ಓಣಿಗೆಲ್ಲ ಕೇಳುತ್ತಿತ್ತು.

ಒಂದು ಶ್ರಾವಣ ಸೋಮವಾರ ಹೊಲಕ್ಕೆ ಕಳೆ ತೆಗೆಯಲು ಹೋದವಳು ದಣಿದು ಬಂದು ಹಾಗೇ ಮಲಗಿಬಿಟ್ಟೆ, ಬಾಟಲಿ ನೋಡಲಿಲ್ಲ. ಮಂಗಳವಾರ ಮಧ್ಯಾಹ್ನ ಅತ್ತೆ ಕಂಬ ಹಿಡಿದುಕೊಂಡೇ ಕುಸಿದರು. ಮೈಯೆಲ್ಲ ಬೆವರು, ಮಾತು ತೊದಲು. ನಮ್ಮ ಮನೆಯವರು ಕಂಪೌಂಡರರನ್ನು ಕರೆತರಲು ಓಡಿದರು. ನಾನು ಮೊದಲು ಬಾಟಲಿ ನೋಡಿದೆ. ಔಷಧಿ ಸರಿಯಾಗಿ ಮಂಗಳವಾರದ ಹಲ್ಲಿಗೇ ನಿಂತಿತ್ತು.

ಕಂಪೌಂಡರರು ಬಂದು ನಾಡಿ ಹಿಡಿದರು. "ಇವತ್ತ ಎಷ್ಟು ಕುಡದ್ರಿ, ಅವ್ವಾರ?"

"ಎರಡು ಹಲ್ಲು," ಎಂದರು ಅತ್ತೆ ಮೆಲ್ಲಗೆ. "ನಿನ್ನಿ ಉಪಾಸ ಇತ್ತು, ಬಿಟ್ಟಿದ್ದೆ. ಇವತ್ತ ಎರಡೂ ಕೂಡಿಸಿ ಕುಡದೆ."

"ಇನ್ನೊಂದು ಹಲ್ಲು ಹೆಚ್ಚಿಗಿ ಕುಡದಿದ್ರ ನೀವು ಉಳೀತಿದ್ದಿಲ್ರಿ. ಎರಡು ದಿನ ಬಾಟಲಿ ಮುಟ್ಟಬ್ಯಾಡ್ರಿ," ಎಂದು ಹೇಳಿ, ಸಂಜೆಯ ತನಕ ಅಲ್ಲೇ ಕೂತಿದ್ದು ಹೋದರು.

ಅತ್ತೆಯ ಮೈ ಬೆಚ್ಚಗಾದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ ಅತ್ತಿ, ಬಿಟ್ಟಿದ್ದು ಬಿಟ್ಟಂಗ ಇರಬಾರದಿತ್ತೇನ್ರಿ? ಯಾರು ಕೂಡಿಸಿ ಕುಡಿ ಅಂದಿದ್ರು?"

"ತಪ್ಪಾದ್ರ ದೇವರು ಕ್ಷಮಾ ಮಾಡ್ತಾನ, ಯವ್ವಾ. ಹಲ್ಲು ಇಳೀಲಿಲ್ಲಂದ್ರ ನೀ ಮಾಡಂಗಿಲ್ಲ. ನೀ ಬಾಟ್ಲಿ ಎತ್ತಿ ನೋಡೋದ್ರಾಗ ಸರಿ ಮಾಡಿ ಇಡಬೇಕಂತ ಕುಡದೆ."

ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ನಾನು. ಅವತ್ತು ಅವರ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ.

"ಇನ್ನ ಮ್ಯಾಲೆ ಬೈಯಂಗಿಲ್ರಿ," ಎಂದೆ.

"ಬೈಯದಿದ್ರ ನಿನಗ ಉಂಡದ್ದು ಅರಗತದೇನು? ಬೈಕೋ. ಮೊದ್ಲು ಕೇಳು, ಆಮ್ಯಾಲೆ ಬೈಕೋ."

ಮುಂದೆ ಒಂಬತ್ತು ಶ್ರಾವಣ ಅವರು ನಮ್ಮ ಜೊತೆಗಿದ್ದರು. ಔಷಧಿಗಳು ಇಟ್ಟಲ್ಲೇ ಇದ್ದವು. ಸಂಜೆ ನಾನು ಪಟ್ಟಿ ನೋಡುವ ಮೊದಲು ಅವರ ಹತ್ತಿರ ಕೂತು, "ಇವತ್ತ ಕುಡದ್ರೇನ್ರಿ?" ಎಂದು ಕೇಳುತ್ತಿದ್ದೆ. ಇಲ್ಲ ಎಂದ ದಿನ ಬೈಯುತ್ತಿದ್ದೆ. ಅವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು.