ಬಾರೆಂಡನ ಅಮೆರಿಕದ ತೋಟಾ

ರೈತರ ಸೊಸೈಟಿ ಅಂಗಡಿಯ ಕೌಂಟರಿನಲ್ಲಿ ಬಾರೆಂಡ್ ಸ್ಟೆನ್‌ಕಾಂಪ್ ಬೇಲಿ ತಂತಿ, ದನದ ಔಷಧಿ, ಕೋವಿಯ ತೋಟಾ ಎಲ್ಲವನ್ನೂ ಮಾರುತ್ತಿದ್ದ. ತಂತಿ ಕೇಳಿದವನಿಗೆ ತಂತಿ ಸಿಗುತ್ತಿತ್ತು, ಔಷಧಿ ಕೇಳಿದವನಿಗೆ ಔಷಧಿ. ತೋಟಾ ಕೇಳಿದವನಿಗೆ ಮಾತ್ರ ಮೊದಲು ಉಪದೇಶ, ಆಮೇಲೆ ತೋಟಾ. 'ಥರ್ಟಿ-ಓ-ಸಿಕ್ಸ್ ಒಂದು ಡಬ್ಬಿ ಕೊಡಿ, ಅಂಕಲ್' ಎಂದು ಯಾರಾದರೂ ಬಾಯಿಬಿಟ್ಟರೆ ಅವನ ಮುಖ ಹುಳಿ ಮಜ್ಜಿಗೆ ಕುಡಿದವರ ಹಾಗಾಗುತ್ತಿತ್ತು.

"ಕೊಡೋಣಪ್ಪ, ಊರಿಗೆಲ್ಲಾ ಅದೇ ತಾನೆ. ನಿಮ್ಮಜ್ಜ ಹೊಡೆದಿದ್ದೂ ಅದೇ, ನಿಮ್ಮಜ್ಜಿ ಹೊಡೆದಿದ್ದೂ ಅದೇ. ನನ್ನದು ಬಿಡು, ಥರ್ಟಿ-ಫೈವ್ ವೇಲನ್. ಈ ಕಪಾಟೆಲ್ಲಾ ತಡಕಾಡಿದ್ರೂ ಸಿಗಲ್ಲ."

ಸಿಗುತ್ತಿರಲಿಲ್ಲ, ಅದು ನಿಜವೇ. ಲಿಂಪೊಪೊ ಹೊಳೆಯ ಈ ದಡದಲ್ಲಿ ಎಲ್ಲರ ಕೋವಿಯ ಗುಂಡಿನ ಅಳತೆ ಮೂವತ್ತು, ಮೂವತ್ತೈದರ ಕೋವಿ ಇದ್ದದ್ದು ಅವನೊಬ್ಬನ ಹತ್ತಿರ. ನಾಲ್ಕು ಜನರ ಹತ್ತಿರ ಇದ್ದಿದ್ದರೆ ಅವನಿಗೆ ಅದು ಬೇಕಾಗುತ್ತಲೇ ಇರಲಿಲ್ಲ. ದಪ್ಪ ಗುಂಡು, ಭಾರೀ ಪೆಟ್ಟು, ಆನೆಯ ಕೋವಿಯಷ್ಟು ಒದೆಯುವುದಿಲ್ಲ, ಜಿಂಕೆಯ ಕೋವಿಯ ಹಾಗೆ ಜುಜುಬಿಯೂ ಅಲ್ಲ ಎಂದು ಅವನು ಶುರುಮಾಡಿದರೆ ಗಿರಾಕಿಗಳು ತಮ್ಮ ಔಷಧಿಯನ್ನೂ ಮರೆತು ಹೊರಗೆ ಓಡುತ್ತಿದ್ದರು. ಅದರ ತೋಟಾಗಳು ಅಮೆರಿಕದಿಂದ ಬರುತ್ತವಂತೆ. ಅಲ್ಲೊಬ್ಬ ಮುದುಕ ಕೈಯಾರೆ ಮಾಡಿ ಇವನಿಗೊಬ್ಬನಿಗೇ ಕಳಿಸುತ್ತಾನಂತೆ. ಆ ಮುದುಕನ ಹೆಸರು ಕೇಳಿದರೆ ಪ್ರತಿಸಲವೂ ಬೇರೆ ಬೇರೆ ಹೇಳುತ್ತಿದ್ದ.

ಹೆಂಡತಿ ಹೆಸ್ಟರ್ ಈ ಪುರಾಣವನ್ನೆಲ್ಲ ಕೇಳಿಕೊಂಡೇ ಬದುಕಿದ್ದಳು. ಅವಳಿಗೆ ಕೋವಿ ಹೊಸದಲ್ಲ. ಅವಳಪ್ಪ ಸತ್ತಾಗ ಜಮೀನು ತಮ್ಮ ಡೌನ ಪಾಲಿಗೆ ಬಂತು, ಅಪ್ಪನ ಕೋವಿ ಅವಳ ಪಾಲಿಗೆ. ಅದು ಊರಿಗೆಲ್ಲಾ ಇರುವ ಥರ್ಟಿ-ಓ-ಸಿಕ್ಸೇ. ಅಪ್ಪ ಹಿತ್ತಾಳೆಯ ಕೊಳವೆಗೆ ಮದ್ದು, ಗುಂಡು ಹಾಕಿ ತನ್ನ ತೋಟಾವನ್ನು ತಾನೇ ತುಂಬುತ್ತಿದ್ದ. ತೇವ ಒಳಗೆ ಹೋಗದಿರಲೆಂದು ಬುಡದಲ್ಲಿ ಕಿಡಿ ಕೊಡುವ ಕೇಪಿಗೆ ಕೆಂಪು ಉಗುರುಬಣ್ಣ ಬಳಿಸುತ್ತಿದ್ದ. ಬಣ್ಣ ಮಗಳದ್ದು, ಬಳಿಯುತ್ತಿದ್ದವಳೂ ಮಗಳೇ. ಅವನು ಕೊನೆಯ ಸಲ ತುಂಬಿದ ದೊಡ್ಡ ಡಬ್ಬಿಯನ್ನು ಅವಳು ಹೊಡೆಯದೆ, ಮುಟ್ಟದೆ ಹಾಗೇ ಇಟ್ಟುಕೊಂಡಿದ್ದಳು.

ಬಾರೆಂಡನ ಕಣ್ಣು ಆ ಕೋವಿಯ ಮೇಲೆ ಬಿತ್ತು.

"ನಿಮ್ಮಪ್ಪನ ಕೋವಿಯ ನಳಿಗೆ ಕೊರೆಸಿಬಿಡೋಣ ಕಣೇ. ಪೇಟೆಯ ಕೋವಿ ರಿಪೇರಿಯವನಿಗೆ ಪೋಸ್ಟಲ್ಲಿ ಕಳಿಸಿದ್ರೆ ಮೂವತ್ತೈದಕ್ಕೆ ದೊಡ್ಡದು ಮಾಡಿಕೊಡ್ತಾನೆ, ನಂದೂ ಅವನೇ ಮಾಡಿಕೊಟ್ಟಿದ್ದು. ಜೋಡಿ ಆಗತ್ತೆ."

"ಅಪ್ಪ ಇದ್ದಿದ್ರೆ ನಿನ್ನ ತಲೇನೇ ಕೊರೆಸ್ತಿದ್ದ, ಒಳಗೆ ಏನಾದ್ರೂ ಇದೆಯಾ ಅಂತ ನೋಡೋಕೆ."

ಅವಳು ಬೈದಳು, ಅವನು ಬಿಡಲಿಲ್ಲ. ಊಟಕ್ಕೆ ಕೂತರೆ ಅದೇ, ಇಗರ್ಜಿಯಿಂದ ಬರುವಾಗಲೂ ಅದೇ. ಚಳಿಗಾಲ ಬಂತು. ಬೇಟೆಗೆಂದು ಡೌನ ಜಮೀನಿಗೆ ಹೋದರು. ಆ ವರ್ಷ ಅಲ್ಲೊಂದು ಎಲ್ಯಾಂಡ್ ಗೂಳಿ, ನಮ್ಮ ಉಳುವ ಎತ್ತಿಗಿಂತ ದೊಡ್ಡ ಜಿಂಕೆ ಜಾತಿಯ ಪ್ರಾಣಿ, ಬೇಲಿ ಮುರಿದು ಮುರಿದು ಡೌನನ್ನು ಹಣ್ಣು ಮಾಡಿತ್ತು. ಅದನ್ನು ಹೊಡೆಯುವುದೆಂದು ಮಾತಾಯಿತು. ಸಂಜೆ ಮೊಪಾನೆ ಕಟ್ಟಿಗೆಯ ಬೆಂಕಿಯ ಸುತ್ತ ಕೂತು ಮಾಂಸ ಸುಡುತ್ತಿದ್ದಾಗ ಬಾರೆಂಡ್ ನೆರೆಹೊರೆಯವರ ಮುಂದೆ ಮತ್ತೆ ಶುರುಮಾಡಿದ.

"ಎಲ್ಯಾಂಡಿಗೆ ನಿಮ್ಮ ಬಟಾಣಿ ಕೋವಿ ಸಾಕಾಗಲ್ಲ. ನಮ್ಮ ಮಾವನೋರು, ಪಾಪ, ಒಳ್ಳೆಯವರು. ಆದ್ರೆ ಜೀವಮಾನವೆಲ್ಲ ಸೊಳ್ಳೆ ಹೊಡೆಯೋ ತೋಟಾ ಇಟ್ಕೊಂಡೇ ಕಳೆದ್ರು."

ಹೆಸ್ಟರ್‌ಗೆ ರೇಗಿತು. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಾಳೆ ನಿನ್ನ ಕೋವಿಯ ಒಂದೇ ಈಡಿಗೆ ಆ ಗೂಳಿ ಬಿದ್ರೆ, ಅಪ್ಪನ ಕೋವಿ ತಗೊಂಡು ಹೋಗಿ ಎಷ್ಟು ಬೇಕೋ ಅಷ್ಟು ಕೊರೆಸ್ಕೋ. ಬೀಳದಿದ್ರೆ, ಸಾಯೋವರೆಗೂ ಅದರ ಸುದ್ದಿ ಎತ್ತಬಾರದು."

"ಎಲ್ಲಾರೂ ಕೇಳಿಸ್ಕೊಂಡ್ರಲ್ಲ," ಎಂದ ಬಾರೆಂಡ್. ಆಗಲೇ ಕೋವಿ ಪೋಸ್ಟಿಗೆ ಹಾಕಿದವನ ಹಾಗೆ ನಗುತ್ತಿದ್ದ.

ಆ ನಗು ನೋಡಿದ ಮೇಲೆ ಹೆಸ್ಟರ್‌ಗೆ ತನ್ನ ಮಾತಿನ ಬೆಲೆ ತಿಳಿಯಿತು. ಬಾಯಿ ಎಷ್ಟೇ ಬಡಾಯಿಯದಾದರೂ ಗಂಡನ ಗುರಿ ಕೆಟ್ಟದ್ದಲ್ಲ. ಎಲ್ಯಾಂಡ್ ಅಂದರೆ ದನದ ಕೊಟ್ಟಿಗೆಯಷ್ಟು ಅಗಲ. ಕೋಪದಲ್ಲಿ ಅಪ್ಪನ ಕೋವಿಯನ್ನು ತಾನೇ ಕೈಯಾರೆ ಕೊಟ್ಟುಬಿಟ್ಟೆನಲ್ಲಾ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಬೆಳಗ್ಗೆ ಕೊರೆಯುವ ಚಳಿ. ಇನ್ನೂ ಸರಿಯಾಗಿ ಬೆಳಕಾಗುವ ಮೊದಲೇ ಪಿಕಪ್ಪಿನ ಪಕ್ಕದಲ್ಲಿ ನಿಂತು ಬಾರೆಂಡ್ ದಪ್ಪ ಕೈಗವಸಿನಲ್ಲೇ ಸೊಂಟದ ತೋಟಾ ಬೆಲ್ಟಿನಿಂದ ಒಂದನ್ನು ಎಳೆದು ಕೋವಿಗೆ ತುರುಕಿದ. ಬೆಲ್ಟಿನಲ್ಲಿ ತೋಟಾದ ಗುಂಡು ಚರ್ಮದೊಳಗೆ ಅಡಗಿರುತ್ತದೆ, ಕಾಣುವುದು ಹಿತ್ತಾಳೆಯ ಬುಡ ಮಾತ್ರ. ಅದನ್ನಾದರೂ ನೋಡಲು ಕನ್ನಡಕ ಬೇಕಿತ್ತು. ಕನ್ನಡಕ ಹಾಕಿದ ಬೇಟೆಗಾರ ಗುಮಾಸ್ತನ ಹಾಗೆ ಕಾಣುತ್ತಾನೆಂದು ಈ ಗುಮಾಸ್ತ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ.

ಡೌ ಮುಂದೆ, ಬಾರೆಂಡ್ ನಡುವೆ, ಹೆಸ್ಟರ್ ಹಿಂದೆ ನಡೆದರು. ಬಿಸಿಲು ಏರುವ ಹೊತ್ತಿಗೆ ಗೂಳಿ ಸಿಕ್ಕಿತು. ಮರದ ಕೆಳಗೆ ಪಕ್ಕೆ ತೋರಿಸಿಕೊಂಡು, ಸೊಪ್ಪು ಮೇಯುತ್ತಾ ನಿಂತಿತ್ತು. ಕುರುಡನೂ ಹೊಡೆಯಬಹುದಿತ್ತು. ಬಾರೆಂಡ್ ಕೋಲಿಗೆ ಕೋವಿ ಆನಿಸಿ ನಿಧಾನಕ್ಕೆ ಗುರಿ ಹಿಡಿದ. ಹೆಸ್ಟರ್ ಬೇರೆ ಕಡೆ ತಿರುಗಿಕೊಂಡಳು.

ಸದ್ದು ಬಂತು, ಆದರೆ ಕ್ಷೀಣವಾದ ಸದ್ದು. ಎಲ್ಲೋ ದೂರದಲ್ಲಿ ಒಂದು ಹುತ್ತದಿಂದ ಧೂಳೆದ್ದಿತು. ಗೂಳಿ ತಲೆಯೆತ್ತಿ ಇವರನ್ನು ನೋಡಿ, ಬಾಯಲ್ಲಿದ್ದ ಸೊಪ್ಪನ್ನು ಅಗಿದು ಮುಗಿಸಿ, ಜಗ್ಗುಹೆಜ್ಜೆ ಹಾಕುತ್ತಾ ಪೊದೆಯೊಳಗೆ ಹೋಯಿತು.

ಡೌ ರಕ್ತದ ಗುರುತು ಹುಡುಕಲು ಓಡಿದ. ಬಾರೆಂಡ್ ಕೋವಿಯ ಚಿಲಕ ಎಳೆದಾಗ ಖಾಲಿ ತೋಟಾ ಹಾರಿ ಹೆಸ್ಟರಳ ಕಾಲ ಬಳಿ ಬಿತ್ತು. ಎತ್ತಿಕೊಂಡಳು. ಬುಡದಲ್ಲಿ ಥರ್ಟಿ-ಓ-ಸಿಕ್ಸಿನ ಅಚ್ಚು. ಅದರ ನಡುವೆ ಮಾಸಿದ ಕೆಂಪು ಬಣ್ಣ, ಅವಳೇ ಬಳಿದದ್ದು. ಅಗಲದ ನಳಿಗೆಯಲ್ಲಿ ಅಪ್ಪನ ಸಣ್ಣ ಗುಂಡು ಗಿರಗಿರ ಸುತ್ತಿ ಎಲ್ಲಿಗೋ ಹೋಗಿತ್ತು. ಅವಳು ಗಂಡನ ಬೆಲ್ಟಿನಿಂದ ಇನ್ನೊಂದನ್ನು ಕಿತ್ತಳು. ಅದಕ್ಕೆ ದಪ್ಪ ಗುಂಡಿತ್ತು, ಕೆಂಪು ಇರಲಿಲ್ಲ. ಬುಡದ ಅಚ್ಚು ಮಾತ್ರ ಅದೇ.

"ಇದೇನಾ ಅಮೆರಿಕ?" ಎಂದಳು.

"ಮೆಲ್ಲಗೆ ಮಾತಾಡು. ಮೂವತ್ತೈದರ ಹಿತ್ತಾಳೆ ಎಲ್ಲೂ ಸಿಗಲ್ಲ ಹೆಸ್ಟರ್. ಮೂವತ್ತರ ತೋಟಾದ ಕತ್ತು ಹಿಗ್ಗಿಸಿದ್ರೆ ಮೂವತ್ತೈದಾಗತ್ತೆ. ಪ್ರಪಂಚವೆಲ್ಲಾ ಹಾಗೇ ಮಾಡೋದು."

"ಅಪ್ಪನ ಡಬ್ಬಿ ಯಾಕೆ ಮುಟ್ಟಿದೆ?"

"ಅದು ಒಳ್ಳೇ ಹಿತ್ತಾಳೆ. ಅಂಗಡಿಯದ್ದು ತಗೊಂಡ್ರೆ ಊರಿಗೆಲ್ಲಾ ಗೊತ್ತಾಗ್ತಿತ್ತು. ಗುಂಡು ಕಿತ್ತು, ಮದ್ದು ಸುರಿದು, ಹೊಸ ಕೇಪು ಹಾಕಿದೆ. ಇದೊಂದು ಬಿಚ್ಚದೇ ಉಳಿದು ಬೆಲ್ಟಿನವುಗಳ ಜೊತೆ ಸೇರ್ಕೊಂಡಿದೆ."

"ಇನ್ನೆಷ್ಟಿವೆ, ಅಪ್ಪ ತುಂಬಿದ್ದು?"

ಬಾರೆಂಡ್ ಅವಳ ಕೈಯಲ್ಲಿದ್ದ ಸುಟ್ಟ ತೋಟಾವನ್ನು ನೋಡಿದ. ಅದೇ ಕೊನೆಯದು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಹೆಸ್ಟರ್‌ಗೆ ಇಷ್ಟು ಅಳು ಬಂದಿರಲಿಲ್ಲ.

ಡೌ ವಾಪಸು ಬಂದ. "ಒಂದು ಹನಿ ರಕ್ತ ಇಲ್ಲ. ಏನಾಯ್ತು ಭಾವ?"

"ಇದು ಲೆಕ್ಕಕ್ಕಿಲ್ಲ ಡೌ, ತೋಟಾದಲ್ಲಿ..." ಎಂದು ಶುರುಮಾಡಿ ಬಾರೆಂಡ್ ಗಕ್ಕನೆ ನಿಂತ. ತೋಟಾದ ವಿಷಯ ಹೇಳಿದರೆ ಪಂಥ ರದ್ದಾಗುತ್ತಿತ್ತು, ಮಾವನ ಕೋವಿ ಗೆಲ್ಲಲು ಇನ್ನೊಂದು ಅವಕಾಶ ಸಿಗುತ್ತಿತ್ತು. ಆದರೆ ಅಮೆರಿಕದ ಮುದುಕ ಅಲ್ಲೇ ಸಾಯುತ್ತಿದ್ದ. ಕೌಂಟರಿನ ಹಿಂದೆ ಅಷ್ಟು ವರ್ಷ ಕೂಡಿಸಿಟ್ಟ ದೊಡ್ಡಸ್ತಿಕೆಯ ಮುಂದೆ ಒಂದು ಎಲ್ಯಾಂಡ್ ಯಾವ ಲೆಕ್ಕ?

"ತೋಟಾದಲ್ಲಿ ಏನೂ ಇಲ್ಲ. ನಾನೇ ಗುರಿ ತಪ್ಪಿದೆ," ಎಂದ.

ಪಾಪ, ಡೌ ಅದನ್ನು ನಂಬಿ ಪಿಕಪ್ ತರಲು ಹೊರಟ. ಅಪ್ಪನ ಕೋವಿ ಉಳಿಯಿತು. ಅಷ್ಟಕ್ಕೇ ಸುಮ್ಮನಾಗಲು ಹೆಸ್ಟರ್ ಸಿದ್ಧಳಿದ್ದಳು. ಗಂಡನ ಬಾಯಿಂದ 'ತಪ್ಪಾಯ್ತು' ಎಂಬ ಒಂದು ಮಾತು ಬಂದರೆ ಸಾಕು, ಆ ಖಾಲಿ ತೋಟಾವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದಳು. ಬಾರೆಂಡ್ ಅವಳ ಹತ್ತಿರ ಸರಿದು ಭುಜ ತಟ್ಟಿದ.

"ಒಳ್ಳೇದಾಯ್ತು, ನೀನು ಬಾಯಿ ಬಿಡಲಿಲ್ಲ. ಆ ಹಳೇ ತೋಟಾಗಳನ್ನ ಹೇಗಿದ್ರೂ ನೀನೇನು ಹೊಡೀತಿರ್ಲಿಲ್ಲವಲ್ಲ."

"ಬೆಲ್ಟ್ ಬಿಚ್ಚು," ಎಂದಳು ಹೆಸ್ಟರ್.

ಅವಳ ಮುಖ ನೋಡಿ ಬಾರೆಂಡ್ ಬಿಚ್ಚಿದ. ಅವಳು ತಮ್ಮನನ್ನು ಕೂಗಿ ಕರೆದು ಬೆಲ್ಟನ್ನು ಅವನ ಕೈಗೆ ಹಾಕಿದಳು. ಡೌ ಒಂದು ಬುಡ ಓದಿದ, ಇನ್ನೊಂದು ಓದಿದ. ಆಮೇಲೆ ಭಾವನನ್ನು ನೋಡಿದ.

"ಇದು ನಮ್ಮಪ್ಪ ತಗೋತಿದ್ದ ಹಿತ್ತಾಳೆ ಅಲ್ವೇನಕ್ಕಾ?"

"ಅಪ್ಪಂದೇ. ಕೊನೇ ಡಬ್ಬಿ. ನಿಮ್ಮ ಭಾವ ಒಂದೊಂದೇ ಬಿಚ್ಚಿ ಅಮೆರಿಕದ್ದು ಮಾಡಿದ್ದಾರೆ."

ಡೌ ಟೋಪಿ ತೆಗೆದು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕನ ಪಕ್ಕದಲ್ಲಿ ನಡೆದ. ಪಿಕಪ್ಪಿನ ಮುಂದಿನ ಸೀಟಿನಲ್ಲಿ ಅಕ್ಕತಮ್ಮ ಕೂತರು. ಬಾರೆಂಡ್ ತನ್ನ ಕೋವಿ ತಬ್ಬಿಕೊಂಡು ಹಿಂದೆ ಹತ್ತಿದ.