ಚೆಕ್ಕಮ್ಮ ಮಾವನನ್ನು ಹಿಡಿದದ್ದು

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಈ ಹೆಣ್ಣುಮಗಳಿಗೆ ದಿನವೂ ಓಡಾಡುವವರು ಇಟ್ಟ ಹೆಸರು ಚೆಕ್ಕಮ್ಮ. ಟಿಕೆಟ್ ಇಲ್ಲದವರನ್ನು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಟಿಕೆಟ್ ಇದ್ದವರು ಸುಮ್ಮನೆ ಅದನ್ನು ಚಾಚುತ್ತಾರೆ. ಇಲ್ಲದವರು ಕೇಳುವ ಮೊದಲೇ ಮಾತಿಗಿಳಿಯುತ್ತಾರೆ: ಎಂಥಾ ಸೆಕೆ, ರೈಲು ಯಾಕೆ ತಡ, ನಿಮ್ಮದು ಊಟ ಆಯ್ತಾ. ಊಟ ವಿಚಾರಿಸಿದವನ ಜೇಬು ಖಾಲಿ ಎಂದೇ ಅವಳ ಲೆಕ್ಕ.

ಮನೆಯಲ್ಲಿ ಮಾತ್ರ ಅವಳ ಬೇಳೆ ಬೇಯುತ್ತಿರಲಿಲ್ಲ. ಮಾವ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಚೆಸ್ ಎಂದರೆ ಪ್ರಾಣ. ಸೊಸೆಗೆ ಆಟ ಕಲಿಸಿದವರೂ ಅವರೇ, ಅಂದಿನಿಂದ ಒಂದು ಆಟವನ್ನೂ ಬಿಟ್ಟುಕೊಡದವರೂ ಅವರೇ. ರೈಲ್ವೆ ನೌಕರರ ಚೆಸ್ ಪಂದ್ಯಕ್ಕೆ ಹೆಸರು ಕೊಡುತ್ತೇನೆ ಎಂದು ಅವಳು ಹೇಳಿದಾಗ ಮೂಗು ಮುರಿದರು. "ಮೊದಲು ನನ್ನನ್ನ ಗೆಲ್ಲು. ಹೊರಗೆ ಹೋಗಿ ನನ್ನ ಮಾನ ಕಳೀಬೇಡ." ಹೆಸರು ಕೊಡಲು ಮರುದಿನವೇ ಕಡೆಯ ದಿನ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಊಟದ ಮೇಜಿನ ಮೇಲೆ ಚೆಸ್ ಮಣೆ ಬಂತು. ಅತ್ತೆ ಬಟಾಣಿ ಸುಲಿಯುತ್ತ ಪಕ್ಕದಲ್ಲೇ ಕುಳಿತರು. ಅರ್ಧ ಆಟಕ್ಕೇ ಸೊಸೆಯ ಎರಡೂ ಕುದುರೆ ಹೋದವು. ಮಾವ ಮಂತ್ರಿಯನ್ನು ಮುಂದೆ ನುಗ್ಗಿಸಿ ಚೆಕ್ ಎಂದರು. ಅವಳು ಅರಸನನ್ನು ಸರಿಸಲು ಕೈ ಎತ್ತುವಷ್ಟರಲ್ಲಿ ಆ ಪದದ ಜಾತಕವನ್ನೇ ಬಿಚ್ಚಿದರು. ಚೆಕ್ ಮೂಲದಲ್ಲಿ ಪಾರಸಿಯ ಶಾ, ಅಂದರೆ ಅರಸ. ಆಟದ ಜೊತೆ ಊರೂರು ಸುತ್ತಿ ಆ ಅರಸನೇ ಚೆಕ್ ಆದ. ಅರಸನನ್ನು ತಡೆದದ್ದು ಚೆಕ್, ಆಮೇಲೆ ಏನನ್ನು ತಡೆದರೂ ಚೆಕ್, ತಡೆದು ನೋಡಿದರೂ ಚೆಕ್. ಚೆಸ್ ಮಣೆಯ ಹಾಗೆ ಚೌಕಳಿ ಇರುವ ಬಟ್ಟೆ ಚೆಕ್ಸ್. ಬ್ಯಾಂಕಿನ ಚೆಕ್ಕೂ ಅದೇ ವಂಶದ್ದು. ಸೊಸೆಯ ಸಂಬಳವೂ ಆ ಅರಸನ ಕೃಪೆಯೇ ಎಂದು ನಕ್ಕರು.

ಕತೆ ಸೊಗಸಾಗಿತ್ತು. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ತಲೆಯಲ್ಲಿ ಏನೋ ಕೊರೆಯತೊಡಗಿತು. ಗೆಲ್ಲುವಾಗ ಈ ಮನುಷ್ಯ ತುಟಿ ಪಿಟಕ್ಕೆನ್ನುವವರಲ್ಲ. ಯಾರೂ ಕೇಳದೆ ಇಷ್ಟು ಮಾತು ಯಾಕೆ? ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಣೆಯನ್ನು ಮೂಲೆಮೂಲೆಯೂ ನೋಡಿದಳು. ಸಿಕ್ಕಿತು. ಮಂತ್ರಿ ಬಿಟ್ಟುಬಂದ ಮಾವನ ಅರಸ ತನ್ನ ಸೈನ್ಯದ ನಡುವೆಯೇ ಇಕ್ಕಟ್ಟಿನಲ್ಲಿದ್ದ. ಅವಳು ತನ್ನ ಆನೆಯನ್ನು ಮಂತ್ರಿಗೆ ಅಡ್ಡ ತಂದಳು. ಆನೆ ಸರಿದದ್ದೇ ತಡ, ಅದರ ಹಿಂದಿದ್ದ ಒಂಟೆಯ ದಾರಿ ತೆರೆದು ನೇರ ಮಾವನ ಅರಸನನ್ನು ಮುಟ್ಟಿತು.

"ಮಾವ, ಒಂದು ಪದ ಬಿಟ್ಟುಬಿಟ್ರಿ. ಚೆಕ್‌ಮೇಟ್. ಅರಸನಿಗೆ ಇನ್ನು ದಾರಿ ಇಲ್ಲ."

ಅತ್ತೆ ಬಟಾಣಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆಗೆ ಕುಣಿಯಬೇಕೆನ್ನುವಷ್ಟು ಖುಷಿ. ಮಾವ ಬಹಳ ಹೊತ್ತು ದಾರಿ ಹುಡುಕಿದರು. ಕೊನೆಗೆ ತಮ್ಮ ಜೇಬಿನ ಪೆನ್ನು ತೆಗೆದು ಅವಳ ಮುಂದಿಟ್ಟರು.

"ಹೆಸರು ಬರೆದು ಕೊಡು. ಆಟ ಕಲಿಸಿದ್ದು ಯಾರು ಅಂತ ಕೇಳಿದ್ರೆ, ನನ್ನ ಹೆಸರು ಹೇಳೋದು ಮರೀಬೇಡ."